ಗೇಟು ದಾಟಿದ ಹೊತ್ತು ಬೇರೆ, ಗಾಡಿ ನಿಂತ ಹೊತ್ತು ಬೇರೆ

ಮಾನ್ಯ ಸಂಪಾದಕರೇ,

ನಾನು ಬಸ್ ನಿಲ್ದಾಣಗಳಲ್ಲಿ 31 ವರ್ಷ ಸಂಚಾರ ನಿಯಂತ್ರಕನಾಗಿ ದುಡಿದವನು. ಬಸ್ಸು ಗೇಟು ದಾಟಿದ ಹೊತ್ತು ಬೇರೆ, ಪ್ಲಾಟ್‌ಫಾರಂನಲ್ಲಿ ನಿಂತ ಹೊತ್ತು ಬೇರೆ, ಎರಡನ್ನೂ ಒಂದೇ ಕಾಲಂನಲ್ಲಿ ತುಂಬಬೇಡಿ ಎಂದು ಹೊಸ ಹುಡುಗರಿಗೆ ಹೇಳಿ ಹೇಳಿ ಸಾಕಾಗಿತ್ತು. ನಿವೃತ್ತಿಯ ನಂತರ ಅದೇ ಪಾಠವನ್ನು ಇಂಗ್ಲೆಂಡಿನ ಒಂದು ಖಾಸಗಿ ಪಾರ್ಕಿಂಗ್ ಕಂಪನಿಗೂ ಹೇಳಬೇಕಾಯಿತು. ಮಕ್ಕಳ ಮನೆಗೆಂದು ಆ ಕಡೆ ಹೋಗಿಬರುವವರು ನಮ್ಮ ಬೀದಿಯಲ್ಲೇ ನಾಲ್ಕು ಮನೆಯಲ್ಲಿದ್ದಾರೆ. ಅದಕ್ಕೇ ಈ ಪತ್ರ.

ಕಳೆದ ವರ್ಷ ನಾವು ಗಂಡ ಹೆಂಡತಿ ರೆಡಿಂಗ್‌ನ ಮಗಳ ಮನೆಯಲ್ಲಿದ್ದೆವು. ಮಗಳ ಸ್ನೇಹಿತೆಯೊಬ್ಬಳು ಹೊಸ ಫ್ಲ್ಯಾಟಿಗೆ ಬಂದಿದ್ದಳು. ಊರಿಂದ ಅವಳ ಅಮ್ಮ ನಮ್ಮ ಕೈಲಿ ಕಳಿಸಿದ್ದ ವೆಟ್ ಗ್ರೈಂಡರ್, ಜೊತೆಗೆ ಅಲ್ಲೇ ಕೊಂಡ 20 ಕಿಲೋ ಸೋನಾ ಮಸೂರಿ ಮೂಟೆ, ಇವೆರಡನ್ನೂ ಬಾಗಿಲಿಗೆ ಇಳಿಸಿ ಬರೋಣವೆಂದು ಕಾರಿನಲ್ಲಿ ಹೋದೆವು. ಒಳಗೆ ಹೋದರೆ ಯಾವುದೋ ಡೆಲಿವರಿ ವ್ಯಾನು ದಾರಿಗೆ ಅಡ್ಡ. ಅದು ಸರಿಯುವವರೆಗೆ ಕಾದು, ಸಾಮಾನು ಇಳಿಸಿ, ಹಿಂದಕ್ಕೆ ತೆಗೆದುಕೊಂಡು ಹೊರಬಂದೆವು. ಗ್ರೈಂಡರ್ ಕಲ್ಲು ಎಷ್ಟು ಭಾರವೆಂದು ಎತ್ತಿದವರಿಗೇ ಗೊತ್ತು. ಚಹಾ ಕುಡಿದು ಹೋಗಿ ಅಂದರೂ ಕೂರಲಿಲ್ಲ.

ಒಂಬತ್ತನೇ ದಿನ ಅಂಚೆಯಲ್ಲಿ ಆ ಜಾಗ ನೋಡಿಕೊಳ್ಳುವ ಪಾರ್ಕಿಂಗ್ ಕಂಪನಿಯ ಕಾಗದ ಬಂತು. ಒಳಗೆ ಬಂದದ್ದು 6.12, ಹೊರಗೆ ಹೋದದ್ದು 6.21, ಪರ್ಮಿಟ್ ಇಲ್ಲ, 100 ಪೌಂಡ್ ಕಟ್ಟಿ. 14 ದಿನದೊಳಗೆ ಕಟ್ಟಿದರೆ 60. ನಂಬರ್ ಪ್ಲೇಟಿನ ಎರಡು ಫೋಟೋ. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಗೂ ಮೇಲೆ, ಒಂಬತ್ತು ನಿಮಿಷಕ್ಕೆ! ನಮ್ಮ ಮನೆಯವರಂತೂ ಪೊಲೀಸರು ಬರುತ್ತಾರೇನೋ ಎಂದು ರಾತ್ರಿಯೆಲ್ಲ ಮಲಗಲಿಲ್ಲ. ಅಳಿಯಂದಿರು ‘ಹೋಗ್ಲಿ ಬಿಡಿ ಮಾವ, 60ಕ್ಕೆ ಮುಗಿಸಿಬಿಡೋಣ’ ಅಂದರು.

ಆ ಕಾಗದ ನೋಡುವುದಕ್ಕೆ ಥೇಟ್ ಸರ್ಕಾರಿ ದಂಡದ ನೋಟಿಸಿನಂತೆಯೇ ಇರುತ್ತದೆ. ನಗರಾಡಳಿತ ಹಾಕುವ ದಂಡಕ್ಕೆ ಅಲ್ಲಿ ‘ಪೆನಾಲ್ಟಿ ಚಾರ್ಜ್ ನೋಟಿಸ್’ ಎನ್ನುತ್ತಾರೆ. ಖಾಸಗಿಯವರದು ‘ಪಾರ್ಕಿಂಗ್ ಚಾರ್ಜ್ ನೋಟಿಸ್’. ಚಿಕ್ಕದಾಗಿಸಿದರೆ ಎರಡೂ ಪಿಸಿಎನ್. ಎರಡನೆಯದು ದಂಡವಲ್ಲ, ಬೋರ್ಡಿನಲ್ಲಿ ಬರೆದ ಕರಾರನ್ನು ನೀವು ಮುರಿದಿರಿ ಎಂಬ ಕಂಪನಿಯ ವಾದ, ಅಷ್ಟೇ. ವಿಳಾಸ ಅವರಿಗೆ ಸಿಗುವುದು ಡಿವಿಎಲ್‌ಎಯಿಂದ, ಅಂದರೆ ನಮ್ಮ ಆರ್‌ಟಿಒ ಇದ್ದ ಹಾಗೆ. ಒಂದು ವಿಳಾಸಕ್ಕೆ ಎರಡೂವರೆ ಪೌಂಡ್. 2012ರ ಕಾಯ್ದೆ ಬಂದ ಮೇಲೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವಂತಿಲ್ಲ. ಆದರೆ ಓಡಿಸಿದವರು ಯಾರೆಂದು ತಿಳಿಯದಿದ್ದರೆ ಕಾರು ಯಾರ ಹೆಸರಿನಲ್ಲಿದೆಯೋ ಅವರನ್ನೇ ಕೇಳಬಹುದು. ಹಾಗೆ ಕೇಳಬೇಕಾದರೆ, ಗಾಜಿಗೆ ಚೀಟಿ ಅಂಟಿಸದೆ ಕ್ಯಾಮೆರಾದಿಂದ ಹಿಡಿದಿದ್ದರೆ ಕಾಗದ 14 ದಿನದೊಳಗೆ ಮುಟ್ಟಿರಬೇಕು. ನಮ್ಮದು ಒಂಬತ್ತಕ್ಕೇ ಬಂದಿತ್ತು, ತಡವಾಯಿತೆಂದು ವಾದಿಸುವ ದಾರಿ ಮುಚ್ಚಿತ್ತು.

ಅಳಿಯಂದಿರು ಕಂಪನಿಗೆಂದು ಮೊದಲು ಬರೆದ ಮೇಲ್ಮನವಿಯ ತುಂಬ ‘ಇದು ಅನ್ಯಾಯ, ಮೊತ್ತ ಅತಿಯಾಯಿತು’ ಎಂದೇ ಇತ್ತು. ಅದನ್ನು ನಾನೇ ಹೊಡೆದುಹಾಕಿದೆ. ಯಾಕೆಂದರೆ ಆ ಮಾತು ಅಲ್ಲಿ ನಡೆಯುವುದಿಲ್ಲ. ಚೆಮ್ಸ್‌ಫರ್ಡ್‌ನಲ್ಲಿ ಒಬ್ಬರು ಎರಡು ಗಂಟೆ ಪುಕ್ಕಟೆ ಇದ್ದ ಜಾಗದಲ್ಲಿ 56 ನಿಮಿಷ ಹೆಚ್ಚು ನಿಲ್ಲಿಸಿದ್ದಕ್ಕೆ ಹಾಕಿದ 85 ಪೌಂಡನ್ನು 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ. ‘10 ನಿಮಿಷ ರಿಯಾಯಿತಿ ಇದೆಯಲ್ಲ’ ಎಂದು ಪರಿಚಯದವರು ಹೇಳಿದ್ದೂ ಉಪಯೋಗಕ್ಕೆ ಬರಲಿಲ್ಲ; ಅದು ಇಂತಿಷ್ಟು ಹೊತ್ತೆಂದು ಅನುಮತಿ ಇದ್ದು ನಿಲ್ಲಿಸಿದವರಿಗೆ, ಅವಧಿ ಮುಗಿದ ನಂತರ ಹೊರಡುವುದಕ್ಕೆ ಕೊಡುವ ಸಮಯ.

ನಾವು ಹಿಡಿದದ್ದು ಎರಡೇ ಮಾತು. ಒಂದು, ಅವರ ಎರಡು ಫೋಟೋ ಕಾರು ಗೇಟು ದಾಟಿದ್ದನ್ನು ತೋರಿಸುತ್ತವೆಯೇ ಹೊರತು ನಿಂತದ್ದನ್ನಲ್ಲ. ಸ್ನೇಹಿತೆಯ ಮನೆ ಬಾಗಿಲ ಕ್ಯಾಮೆರಾದಲ್ಲಿ ನಾವು ಮೂಟೆ ತಂದದ್ದು, ತಿರುಗಿ ಹೋದದ್ದು ಎಲ್ಲ ಇತ್ತು: ಮೂರು ನಿಮಿಷ ನಲವತ್ತು ಸೆಕೆಂಡ್. ಲಾಗ್ ಶೀಟ್ ಬರೆದ ಕೈ ನೋಡಿ, ಒಂಬತ್ತು ನಿಮಿಷವನ್ನೂ ಬಿಡಿಸಿ ಪಟ್ಟಿ ಮಾಡಿಕೊಟ್ಟೆ: ವ್ಯಾನಿಗೆ ಕಾದದ್ದು ಇಷ್ಟು, ಇಳಿಸಿದ್ದು ಇಷ್ಟು, ತಿರುಗಿಸಿದ್ದು ಇಷ್ಟು. ಇನ್ನೊಂದು, 2016ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನ ಒಂದು ಮೇಲ್ಮನವಿ. ಫ್ಲ್ಯಾಟಿನಲ್ಲಿದ್ದ ಹೆಂಗಸೊಬ್ಬರು ಮೇಜು ಒಳಗೆ ಸಾಗಿಸಲು ಬಾಗಿಲ ಬಳಿ ಕಾರು ನಿಲ್ಲಿಸಿದ್ದರು. ಸಾಮಾನು ಇಳಿಸಲು ತುಸುಹೊತ್ತು ನಿಲ್ಲಿಸುವುದು ‘ಪಾರ್ಕಿಂಗ್’ ಅಲ್ಲ ಎಂದು ನ್ಯಾಯಾಧೀಶರು ಹೇಳಿದರು. ಆಕೆ ಅಲ್ಲಿಯ ನಿವಾಸಿ, ನಾವು ಬಂದುಹೋದವರು; ಆ ತೀರ್ಪು ಎಲ್ಲರನ್ನೂ ಕಟ್ಟಿಹಾಕುವಂಥದ್ದೂ ಅಲ್ಲ. ಆದರೂ ಮೇಜಿಗೆ ಸಲ್ಲುವ ಮಾತು ಅಕ್ಕಿ ಮೂಟೆಗೆ ಯಾಕೆ ಸಲ್ಲಬಾರದು?

ಕಂಪನಿ ಮೂರು ವಾರದ ನಂತರ ‘ಆಗುವುದಿಲ್ಲ’ ಎಂದು ಬರೆಯಿತು. ಎಷ್ಟೋ ಜನ ಕಟ್ಟಿಬಿಡುವುದು ಇಲ್ಲೇ, ಮುಂದಕ್ಕೆ ಹೋದರೆ 60ರ ಸೋಡಿ ಹೋಗುತ್ತದೆಂಬ ಭಯಕ್ಕೆ. ಅದು ನಿಜವೂ ಹೌದು. ನಾವು 28 ದಿನದೊಳಗೆ ಇಂಥ ತಕರಾರು ತೀರ್ಮಾನಿಸುವ ಪಾಪ್ಲಾ ಎಂಬ ಹೊರಗಿನ ಸಂಸ್ಥೆಗೆ ಹಾಕಿದೆವು, ಶುಲ್ಕವಿಲ್ಲ. ಕೆಲವು ಕಂಪನಿಗಳಿಗೆ ಪಾಪ್ಲಾ ಬದಲು ಐಎಎಸ್ ಎಂಬುದಿರುತ್ತದೆ, ನಮ್ಮ ಜಿಲ್ಲಾಧಿಕಾರಿಗಳ ಐಎಎಸ್ ಅಲ್ಲ. ತೀರ್ಪು ಬರುವ ಮೊದಲೇ ಕಂಪನಿ ಎರಡು ಸಾಲಿನಲ್ಲಿ ‘ಕೈಬಿಟ್ಟಿದ್ದೇವೆ’ ಎಂದಿತು. ನಮ್ಮ ವಾದ ಒಪ್ಪಿತೋ, ನನ್ನ ಪಟ್ಟಿ ಓದಿ ಬೇಜಾರಾಯಿತೋ, ತಿಳಿಸಲಿಲ್ಲ.

ಊರಿಗೆ ಬಂದ ಮೇಲೆ ನೋಡುತ್ತೇನೆ, ನಮ್ಮ ಮಾಲ್, ವಿಮಾನ ನಿಲ್ದಾಣಗಳ ಗೇಟುಗಳಲ್ಲೂ ಫಾಸ್ಟ್ಯಾಗ್, ಕ್ಯಾಮೆರಾ ಬಂದಿವೆ. ಬಿಟ್ಟು ಹೋಗಲು ಬಂದವರು ಹೊರಹೋಗುವ ಸಾಲಿನಲ್ಲಿ ಸಿಕ್ಕಿಬಿದ್ದ ನಿಮಿಷಗಳೂ ಲೆಕ್ಕಕ್ಕೆ ಸೇರಬಹುದು. ಹಾಗಾದಾಗ ಬೂತಿನ ಹುಡುಗನೊಡನೆ ಜಗಳವಾಡಿ ಏನೂ ಆಗದು, ಅವನಿಗೆ ಯಂತ್ರ ತೋರಿಸಿದ್ದೇ ಗೊತ್ತು. ಜಾಗ ಗುತ್ತಿಗೆ ಕೊಡುವವರು ಗುತ್ತಿಗೆಯ ಷರತ್ತಿನಲ್ಲೇ ಎರಡು ಸಾಲು ಸೇರಿಸಲಿ: ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಎಣಿಸುತ್ತೀರಿ, ತಕರಾರಿದ್ದರೆ ಗುತ್ತಿಗೆದಾರನಲ್ಲದ ಯಾರಿಗೆ ಬರೆಯಬೇಕು. ಎರಡೂ ರಸೀದಿಯ ಮೇಲೆ, ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದಪ್ಪಕ್ಷರದಲ್ಲಿ ಇರಲಿ.

– ನಿವೃತ್ತ ಸಂಚಾರ ನಿಯಂತ್ರಕ, ಶಿವಮೊಗ್ಗ