ತುಂಗಭದ್ರೆಯ ಗೇಟು ಎತ್ತುವ ಕ್ರಮ ಬದಲಿಸಿ: ಜಲಸಂಪನ್ಮೂಲ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ತುಂಗಭದ್ರಾ ಜಲಾಶಯದಿಂದ ಲಕ್ಷ ಕ್ಯುಸೆಕ್ ಆಸುಪಾಸು ನೀರು ಬಿಟ್ಟಾಗಲೆಲ್ಲ ಹಂಪಿಯ ಪುರಂದರ ಮಂಟಪ ಮುಳುಗಿದ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಇನ್ನಷ್ಟು ಬಿಟ್ಟರೆ ಕಂಪ್ಲಿ ಸೇತುವೆ ಬಂದ್ ಆದ ಸುದ್ದಿ. ಇದೇ ಹಾದಿಯಲ್ಲಿ, ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದೆ. ಮೀಸಲಿನ ಫಲಕ ಅರಣ್ಯ ಇಲಾಖೆಯದು, ಅಲ್ಲಿ ಹರಿಯುವ ನೀರಿನ ಏರಿಳಿತ ಮಾತ್ರ ಅಣೆಕಟ್ಟೆಯ ಗೇಟುಗಳದು. ಗೇಟುಗಳ ನಿರ್ವಹಣೆ ಅಂತರರಾಜ್ಯ ಸಂಸ್ಥೆಯಾದ ತುಂಗಭದ್ರಾ ಮಂಡಳಿಯ ಕೈಯಲ್ಲಿದ್ದರೂ ಆ ಮಂಡಳಿಯಲ್ಲಿ ಕರ್ನಾಟಕದ ದನಿ ತಮ್ಮ ಇಲಾಖೆಯ ಮೂಲಕವೇ ಹೋಗಬೇಕು. ಅದಕ್ಕಾಗಿ ಈ ಪತ್ರ.

ಮಳೆಗಾಲದ ನೆರೆ ನೀರುನಾಯಿಗೆ ಹೊಸದೇನಲ್ಲ. ನೀರು ನಿಧಾನಕ್ಕೆ ಏರಿದರೆ ಅದು ಬಂಡೆಯ ಪೊಟರೆ ಬಿಟ್ಟು ಮೇಲಿನ ದಡಕ್ಕೋ ಹಳ್ಳದ ಬಾಯಿಗೋ ಸರಿಯುತ್ತದೆ. ಅದಕ್ಕೆ ಮುಳುವಾಗುವುದು ನೀರು ಏರುವ ವೇಗ ಮತ್ತು ಏರುವ ಕಾಲ. ಇಲ್ಲಿನ ನೀರುನಾಯಿಗಳು ಹೆಚ್ಚಾಗಿ ಆಗಸ್ಟ್‌ನಿಂದ ಡಿಸೆಂಬರ್‌ ನಡುವೆ ಕೂಡುತ್ತವೆ, ಗರ್ಭ 60ರಿಂದ 63 ದಿನ. ಅಂದರೆ ಹಿಂಗಾರಿನ ಚಂಡಮಾರುತಗಳು ಬಂಗಾಳ ಕೊಲ್ಲಿಯಲ್ಲಿ ಏಳುವ ಹೊತ್ತಿಗೆ ಎಷ್ಟೋ ಪೊಟರೆಗಳಲ್ಲಿ ಕಣ್ಣು ಬಿಡದ ಮರಿಗಳಿರುತ್ತವೆ. ಕಣ್ಣು ತೆರೆಯಲು ಸುಮಾರು ಹತ್ತು ದಿನ ಬೇಕು, ಈಜು ಕಲಿಯಲು ಸುಮಾರು ಎರಡು ತಿಂಗಳು. ನೀರುನಾಯಿಯ ಚರ್ಮದಡಿ ದಪ್ಪ ಕೊಬ್ಬಿಲ್ಲ. ಒತ್ತಾದ ತುಪ್ಪಳದೊಳಗೆ ಸಿಕ್ಕಿಕೊಂಡ ಗಾಳಿಯೇ ಅದನ್ನು ಬೆಚ್ಚಗಿಡುತ್ತದೆ. ಎಳೆಮರಿಯ ರೋಮ ನೀರನ್ನು ತಡೆಯುವುದಿಲ್ಲ, ಹಾಗಾಗಿ ನೆನೆದ ಮರಿ ಮುಳುಗದೆ ಉಳಿದರೂ ಚಳಿಗೆ ಸಾಯುತ್ತದೆ.

ಪೊಟರೆಗೆ ನೀರು ನುಗ್ಗಿದಾಗ ತಾಯಿ ಮಾಡುವ ಕೆಲಸ ಒಂದೇ: ಒಂದೊಂದೇ ಮರಿಯನ್ನು ಕತ್ತಿನ ಹಿಂದಿನ ಸಡಿಲ ಚರ್ಮದಲ್ಲಿ ಕಚ್ಚಿ ಹಿಡಿದು ಮೇಲಿನ ತಾಣಕ್ಕೆ ಸಾಗಿಸುವುದು. ಒಂದು ಸೂಲಿಗೆ ಎರಡರಿಂದ ಐದು ಮರಿ. ನಾಲ್ಕಿದ್ದರೆ ನಾಲ್ಕು ಸಲ ಹೋಗಿ ಬರಬೇಕು, ಅದೂ ಸೆಳೆತ ಹೆಚ್ಚುತ್ತಿರುವ ನೀರಿನಲ್ಲಿ. ನದಿಮಟ್ಟ ಒಂದೇ ತಾಸಿನಲ್ಲಿ ಆಳೆತ್ತರ ಏರಿದರೆ ಮೊದಲ ಮರಿಯೋ ಎರಡನೆಯದೋ ಪಾರಾಗುತ್ತದೆ, ಉಳಿದವಕ್ಕೆ ಸರದಿ ಬರುವುದೇ ಇಲ್ಲ.

ಆದ್ದರಿಂದ ನಮ್ಮ ಮೊದಲ ಬೇಡಿಕೆ ಗೇಟು ಎತ್ತುವ ಕ್ರಮದ ಬಗ್ಗೆ. ಅಕ್ಟೋಬರ್‌ನಿಂದ ಮೇ ವರೆಗೆ ನದಿಗೆ ನೀರು ಬಿಡುವಾಗ ಒಂದು ಹಂತದಿಂದ ಇನ್ನೊಂದಕ್ಕೆ ಹರಿವು ದುಪ್ಪಟ್ಟಿಗಿಂತ ಹೆಚ್ಚಬಾರದು, ಹಂತಗಳ ನಡುವೆ ಕನಿಷ್ಠ ಎರಡು ತಾಸು ಬಿಡಬೇಕು. 5,000 ಕ್ಯುಸೆಕ್‌ನಿಂದ 40,000ಕ್ಕೆ ಹೋಗಬೇಕೆಂದರೆ 10,000, 20,000, 40,000 ಎಂದು ಏರಿಸಿ. ಮೊದಲ ಹಂತ ಬೆಳಗಿನ ಹೊತ್ತಿನದಾಗಿರಲಿ. ಈ ನೀರುನಾಯಿಗಳು ಹೆಚ್ಚಾಗಿ ಹಗಲಲ್ಲೇ ಓಡಾಡುವವು, ತಾಯಿಗೆ ಹೊಸ ಜಾಗ ಹುಡುಕಲು ಬೆಳಕಿನ ಸಮಯ ಸಿಗುತ್ತದೆ. ಹರಿಗೋಲು ಹಾಕುವವರಿಗೆ, ದಡದಲ್ಲಿ ಪಂಪ್‌ಸೆಟ್ ಇಟ್ಟ ರೈತರಿಗೆ ಕೂಡ ಇದೇ ಅನುಕೂಲ. ಹೀಗೆ ಮಾಡಬೇಕಾದರೆ ಜಲಾಶಯದಲ್ಲಿ ಮುಂಚೆಯೇ ಸ್ವಲ್ಪ ಜಾಗ ಖಾಲಿ ಇರಬೇಕು. ಗಾಜನೂರಿನ ತುಂಗಾ ಅಣೆಕಟ್ಟೆಯಿಂದ, ಭದ್ರಾದಿಂದ ಎಷ್ಟು ನೀರು ಹೊರಟಿದೆ ಎಂಬುದು ಅದು ಹೊಸಪೇಟೆ ತಲುಪುವ ಎಷ್ಟೋ ತಾಸು ಮೊದಲೇ ಗೊತ್ತಿರುತ್ತದೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಹಿತಿಯೂ ಇದೆ. ಜಲಾಶಯ ತುಂಬಿ ತುಳುಕುವ ತನಕ ಕಾದು ಆಮೇಲೆ ಒಮ್ಮೆಲೇ ಬಿಡುವುದು ಅನಿವಾರ್ಯವೇನಲ್ಲ, ರೂಢಿ ಅಷ್ಟೆ.

ತುರ್ತು ಪರಿಸ್ಥಿತಿಯ ಮಾತು ಬೇರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ, ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಅಂಥ ಹೊತ್ತಿನಲ್ಲಿ ಪ್ರಾಣಿಗಳ ಲೆಕ್ಕ ಹಾಕುತ್ತ ಕೂರಿ ಎಂದು ಯಾರೂ ಹೇಳುವುದಿಲ್ಲ. ಮಾಮೂಲಿ ದಿನಗಳ ನೀರು ಬಿಡುಗಡೆಯ ಬಗ್ಗೆಯಷ್ಟೇ ನಮ್ಮ ತಕರಾರು.

ಗೇಟು ಇಳಿಸುವುದಕ್ಕೂ ಇದೇ ನಿಯಮ ಇರಲಿ. ಹರಿವು ಥಟ್ಟನೆ ನಿಂತರೆ ಬಂಡೆಗಳ ನಡುವಿನ ಗುಂಡಿಗಳಲ್ಲಿ ಮೀನು ಸಿಕ್ಕಿಬೀಳುತ್ತವೆ. ನೀರುನಾಯಿಗೆ ನಾಲ್ಕು ದಿನ ಸುಗ್ಗಿ, ನಿಜ. ಆದರೆ ಅದೇ ಗುಂಡಿಗಳಿಗೆ ತೋಟೆ ಸಿಡಿಸುವವರು, ಬ್ಲೀಚಿಂಗ್ ಪುಡಿ ಸುರಿಯುವವರು ಬರುತ್ತಾರೆ. ಆಮೇಲೆ ಮೀನೂ ಇಲ್ಲ, ಮೀನಿನ ಮರಿಯೂ ಇಲ್ಲ.

ಬೇಸಿಗೆಯ ಸಮಸ್ಯೆ ನೀರುನಾಯಿಯದಲ್ಲ, ಅದರ ನೆರೆಹೊರೆಯವರದು. ಫೆಬ್ರವರಿಯಿಂದ ಮೇ ನಡುವೆ ಮೊಸಳೆ ದಡದ ಇಳಿಜಾರಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ, ನದಿ ರೀವ ಎಂಬ ಹಕ್ಕಿ ಬರಿಯ ಮರಳಿನ ಮೇಲೋ ಬಂಡೆಯ ಮೇಲೋ ಇಡುತ್ತದೆ. ಕೆಳಗಿನ ಕಾಲುವೆಗಳಿಗೆಂದು ನದಿಯಲ್ಲಿ ಹರಿಸುವ ನೀರು ಅರ್ಧ ಅಡಿ ಏರಿದರೂ ರೀವದ ಗೂಡು ಹೋಯಿತು. ಮರಳಿನಡಿಯ ಮೊಟ್ಟೆಗೂ ಉಸಿರಾಟ ಬೇಕು, ನೀರು ನಿಂತ ಮರಳಿನಲ್ಲಿ ಅದು ಕೊಳೆಯುತ್ತದೆ. ಎತ್ತರದ ಮರಳುದಿಬ್ಬಗಳನ್ನು ಲಾರಿಗಳು ಹೊತ್ತೊಯ್ದ ಕಡೆ ಇವು ತಗ್ಗಿನಲ್ಲೇ ಗೂಡು ಮಾಡಬೇಕಾಗುತ್ತದೆ, ಹಾಗಾಗಿ ಸಣ್ಣ ಹರಿವೂ ಪ್ರಳಯವೇ. ಇದಕ್ಕೆ ಹೆಚ್ಚುವರಿ ನೀರೇನೂ ಬೇಕಿಲ್ಲ. ಬೇಸಿಗೆಯಲ್ಲಿ ಹರಿಸಲಿರುವ ಗರಿಷ್ಠ ಮಟ್ಟವನ್ನು ಫೆಬ್ರವರಿಗೆ ಮೊದಲೇ ಮುಟ್ಟಿಸಿ, ಆಮೇಲೆ ಅದನ್ನು ಮೀರದಂತೆ ನೋಡಿಕೊಂಡರೆ ಗೂಡುಗಳು ತಾವಾಗಿಯೇ ಆ ಗೆರೆಯ ಮೇಲೆ ಬೀಳುತ್ತವೆ.

ನೆರೆ ಇಳಿದ ಮೇಲಿನ ಕಾಮಗಾರಿಗಳಿಂದ ಆಗುವ ಹಾನಿ ಕೆಲವೊಮ್ಮೆ ನೆರೆಯದಕ್ಕಿಂತ ದೊಡ್ಡದು. ದಡ ಕೊರೆದಿದೆ ಎಂದ ಕೂಡಲೇ ಜೆಸಿಬಿ ಇಳಿಯುತ್ತದೆ, ಹೊಳೆಮತ್ತಿ ಮರದ ಬೇರು ಕೀಳುತ್ತದೆ, ಜೊಂಡು ಸವರುತ್ತದೆ, ಮೇಲೆ ಕಲ್ಲಿನ ಪಿಚಿಂಗ್, ಅಂದರೆ ದಡಕ್ಕೆ ಕಲ್ಲಿನ ಹೊದಿಕೆ. ಹೊಳೆಮತ್ತಿಯ ಬೇರಿನ ಹೆಣಿಗೆ ದಡವನ್ನು ಹಿಡಿದಿಡುತ್ತದೆ, ಅದರ ಸಂದುಗಳೇ ನೀರುನಾಯಿಯ ಮನೆ. ಸಿಮೆಂಟು ಬಳಿದ ಪಿಚಿಂಗ್‌ನಲ್ಲಿ ಪೊಟರೆಯೂ ಇಲ್ಲ, ಮರಿ ಹತ್ತಲು ಹಿಡಿತವೂ ಇಲ್ಲ. ಸೇತುವೆಯ ಬುಡ, ಪಂಪ್‌ಹೌಸ್, ಊರಿನ ಅಂಚು ಇಂಥ ಕಡೆ ಪಿಚಿಂಗ್ ಬೇಕೇ ಬೇಕು. ಅಲ್ಲಿಯೂ ಕಲ್ಲನ್ನು ಗಾರೆಯಿಲ್ಲದೆ ಜೋಡಿಸಬಹುದು. ಉಳಿದ ಕಡೆ ದಡವನ್ನು ಅದರ ಪಾಡಿಗೆ ಬಿಡಿ. ನೆರೆ ತಂದು ಗುಡ್ಡೆ ಹಾಕಿದ ಕಟ್ಟಿಗೆ ಕಸಕ್ಕೆ ತಕ್ಷಣ ಬೆಂಕಿ ಹಚ್ಚಬಾರದು. ಅದರೊಳಗೆ ಉಡ, ಹಾವು, ಆಮೆ, ಕೆಲವೊಮ್ಮೆ ನೀರುನಾಯಿಯೂ ಅಡಗಿರುತ್ತದೆ. ಅದರಿಂದ ಮೊದಲು ತೆಗೆಯಬೇಕಾದದ್ದು ಹರಿದ ನೈಲಾನ್ ಬಲೆಗಳನ್ನು. ಉಸಿರಿಗೆ ಮೇಲೆ ಬರಲೇಬೇಕಾದ ಪ್ರಾಣಿ ನೀರಿನಡಿ ಬಲೆಗೆ ಸಿಕ್ಕರೆ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ.

ಹೊಳೆ ಕೆಂಪಾಗಿ ಹರಿಯುವಾಗ ನೀರುನಾಯಿಗಳು ಪಕ್ಕದ ಹಳ್ಳ, ಕೆರೆ, ಕಾಲುವೆಗಳಿಗೆ ಸರಿಯಬಲ್ಲವು. ತುರ್ತಾ ಕಾಲುವೆಯಂಥ ವಿಜಯನಗರ ಕಾಲದ ಕಾಲುವೆಗಳ ಮಣ್ಣಿನ ಅಂಚು ಆಗ ಆಸರೆ. ಆಧುನೀಕರಣದ ಹೆಸರಿನಲ್ಲಿ ಕಾಂಕ್ರೀಟ್ ಲೈನಿಂಗ್ ಹಾಕುವಾಗ ಅಲ್ಲಲ್ಲಿ ಒರಟು ಮೇಲ್ಮೈಯ ಇಳಿಜಾರು ಬಿಡಿಸಿ, ಇಲ್ಲದಿದ್ದರೆ ಬಿದ್ದ ಪ್ರಾಣಿ ಹತ್ತಲಾರದೆ ಸಾಯುತ್ತದೆ. ರಸ್ತೆಯಡಿಯ ಮೋರಿ ತುಂಬಿ ಹರಿದಾಗ ನೀರುನಾಯಿ ರಸ್ತೆಗೆ ಹತ್ತಿ ವಾಹನಕ್ಕೆ ಸಿಗುತ್ತದೆ. ಅದು ನಡೆದು ದಾಟಲು ಮೋರಿಯ ಒಳಗೋಡೆಗೆ ಅರ್ಧ ಮೀಟರ್ ಅಗಲದ ಕಟ್ಟೆ, ನೆರೆಮಟ್ಟಕ್ಕಿಂತ 15 ಸೆಂ.ಮೀ. ಮೇಲೆ, ಚಾವಣಿಗೆ 60 ಸೆಂ.ಮೀ. ಅಂತರ ಬಿಟ್ಟು ಕಟ್ಟಿದರೆ ಸಾಕು. ಹೊಸ ಮೋರಿಗಳ ನಕ್ಷೆಯಲ್ಲೇ ಇದು ಸೇರಲಿ.

ನೆರೆ ವೇಳೆ ದಡದಲ್ಲಿ ಮರಿ ಕಂಡರೆ ಏನು ಮಾಡಬೇಕೆಂದು ಕಾಲುವೆ ನೀರು ನೋಡಿಕೊಳ್ಳುವ ತಮ್ಮ ಸೌಡಿಗಳಿಗೂ ತಿಳಿದಿರಲಿ. ತಾಯಿ ಹತ್ತಿರದಲ್ಲೇ ಇರಬಹುದು, ದೂರ ನಿಂತು ಕಾಯಬೇಕು, ನಾಯಿಗಳನ್ನು ಅಟ್ಟಬೇಕು. ಎತ್ತಲೇಬೇಕಾದರೆ ಒಣಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು. ನೀರುನಾಯಿ ಎಂಬ ಹೆಸರು ಕೇಳಿ ಬಕೆಟ್ ನೀರಿಗೆ ಬಿಡುವವರಿದ್ದಾರೆ. ಹಸುವಿನ ಹಾಲು ಕುಡಿಸುವವರೂ ಇದ್ದಾರೆ. ಎರಡೂ ಬೇಡ.

ಕೊನೆಯದಾಗಿ ಒಂದು ಆಡಳಿತದ ತೊಡಕು. ವನ್ಯಜೀವಿ ಕಾಯ್ದೆಯ 36ಬಿ ಕಲಮಿನಂತೆ ಇಂಥ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆ, ಗ್ರಾಮ ಪಂಚಾಯಿತಿಗಳು, ಸ್ವಯಂಸೇವಾ ಸಂಸ್ಥೆಗಳು, ಕೃಷಿ ಮತ್ತು ಪಶುಸಂಗೋಪನೆಯ ಪ್ರತಿನಿಧಿಗಳು ಇರುತ್ತಾರೆ. ನೀರು ಬಿಡುವ ಇಲಾಖೆಗೆ ಅಲ್ಲಿ ಕುರ್ಚಿಯೇ ಇಲ್ಲ. ನೀರುನಾಯಿ ಮೀಸಲಿನ ಸಭೆಯಲ್ಲಿ ನೀರಿನವರೇ ಇಲ್ಲದಿದ್ದರೆ ಅಲ್ಲಿ ಇನ್ನೇನು ತೀರ್ಮಾನವಾದೀತು? ಸಮಿತಿಗೆ ಆಹ್ವಾನಿತರಾಗಿ ಒಬ್ಬ ಕಾರ್ಯಪಾಲಕ ಎಂಜಿನಿಯರ್‌ರನ್ನು ಕಳಿಸಲು ಕಾಯ್ದೆ ತಿದ್ದಬೇಕಿಲ್ಲ, ತಮ್ಮ ಒಂದು ಆದೇಶ ಸಾಕು. ಅವರು ಮೊದಲ ಸಭೆಗೆ ಬರುವಾಗ ಹಿಂದಿನ ಐದು ವರ್ಷ ನದಿಗೆ ಬಿಟ್ಟ ನೀರಿನ ತಾಸುವಾರು ಲೆಕ್ಕ ತಂದರೆ, ಯಾವ ತಿಂಗಳಲ್ಲಿ ಯಾವ ಹಂತ ಸಾಧ್ಯ ಎಂಬುದನ್ನು ಅಲ್ಲೇ ಕೂತು ಗುರುತಿಸಬಹುದು.

ಇಂತಿ,
ತುಂಗಭದ್ರೆಯ ವನ್ಯಜೀವಿಗಳ ಅಧ್ಯಯನದಲ್ಲಿ ತೊಡಗಿರುವವರು