ಸುರಕ್ಷತೆಯ ಮಾತು ಕಾರ್ಮಿಕರ ಭಾಷೆಯಲ್ಲಿರಲಿ

ಮಾನ್ಯ ಸಂಪಾದಕರೇ,

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕೆಲವು ಕಾರ್ಖಾನೆಗಳ ಗೇಟಿನಲ್ಲಿ ‘ಐಎಸ್‌ಒ 45001’ ಎಂಬ ಫಲಕ ನೋಡಿರುತ್ತೀರಿ. ದುಡಿಯುವ ಜಾಗದಲ್ಲಿ ಯಾರಿಗೂ ಗಾಯ, ಕಾಯಿಲೆ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ ಹೇಗಿರಬೇಕು ಎಂದು ಹೇಳುವ ಅಂತರರಾಷ್ಟ್ರೀಯ ಮಾನದಂಡ ಅದು. 2018ರ ಮಾರ್ಚ್‌ನಲ್ಲಿ ಬಂತು. ಅದಕ್ಕೂ ಮೊದಲು ಇದೇ ಉದ್ದೇಶದ ಓಹ್ಸಾಸ್ 18001 ಎಂಬ ಮಾನದಂಡ ಇತ್ತು. ಇಲ್ಲಿ 22 ವರ್ಷ ಸೂಪರ್‌ವೈಸರ್ ಆಗಿದ್ದ ನಾನು ಎರಡರ ಫೈಲುಗಳನ್ನೂ ಜೋಡಿಸಿಟ್ಟವನು.

ನಾನಿದ್ದ ಒಂದು ಘಟಕದಲ್ಲಿ ಒಡಿಶಾದ ಹುಡುಗನೊಬ್ಬನ ಎರಡು ಬೆರಳು ಯಂತ್ರದ ಬೆಲ್ಟಿಗೆ ಸಿಕ್ಕಿ ಹೋದವು. ಬೆಲ್ಟಿಗೆ ಕೈ ತಾಗದಂತೆ ಹಾಕುವ ಗಾರ್ಡ್ ಸಡಿಲವಾಗಿ ನಾಲ್ಕು ದಿನ ಆಗಿತ್ತು. ಅದು ಅವನಿಗೆ ಗೊತ್ತಿತ್ತು. ಯಾಕಪ್ಪಾ ಹೇಳಲಿಲ್ಲ ಎಂದು ಆಸ್ಪತ್ರೆಯಲ್ಲಿ ಕೇಳಿದೆ. ‘ಯಾರಿಗೆ ಹೇಳುವುದು, ಹೇಗೆ ಹೇಳುವುದು?’ ಅಂದ. ಅವನಿಗೆ ಒಡಿಯಾ ಬಿಟ್ಟರೆ ಹರಕು ಮುರುಕು ಹಿಂದಿ. ನಮ್ಮ ಮಾತೆಲ್ಲ ತುಳುವಿನಲ್ಲಿ. ಗೋಡೆಯ ಸೂಚನೆಗಳು ಇಂಗ್ಲಿಷ್‌ನಲ್ಲಿ. ತರಬೇತಿಯ ರಿಜಿಸ್ಟರಿನಲ್ಲಿ ಮಾತ್ರ ಅವನ ಸಹಿ ಇತ್ತು. ಅದನ್ನು ಹಾಕಿಸಿದವನು ನಾನೇ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಆಮೇಲೆ ಆ ಮಾನದಂಡವನ್ನು ಕೂತು ಸರಿಯಾಗಿ ಓದಿದೆ. ಅಪಾಯ ಗುರುತಿಸುವಾಗ, ಅದಕ್ಕೆ ಏನು ಮಾಡಬೇಕೆಂದು ತೀರ್ಮಾನಿಸುವಾಗ ಮ್ಯಾನೇಜರ್ ಅಲ್ಲದ ಕಾರ್ಮಿಕರೂ ಜತೆಗಿರಬೇಕು ಎಂದು ಅದರ 5.4ನೇ ಅಂಶ ಹೇಳುತ್ತದೆ. ಗುತ್ತಿಗೆಯವರನ್ನೂ ಬಿಡುವಂತಿಲ್ಲ. ಅವರು ಬಾಯಿ ಬಿಡಲು ಅಡ್ಡಿಯಾಗುವುದನ್ನು ಕಂಪನಿಯೇ ತೆಗೆಯಬೇಕು. ಭಾಷೆ ಬಾರದಿರುವುದು, ಓದಲು ಬಾರದಿರುವುದು, ಹೇಳಿದರೆ ತೊಂದರೆ ಕೊಟ್ಟಾರೆಂಬ ಹೆದರಿಕೆ, ಇವೆಲ್ಲ ಅಡ್ಡಿಗಳೆಂದು ಅಲ್ಲೇ ಬರೆದಿದೆ. ನಮ್ಮ ಹುಡುಗನ ಕಥೆಯೇ ಅಲ್ವಾ ಅದು?

ಹೆಲ್ಮೆಟ್, ಗ್ಲೌಸ್ ಕೊಟ್ಟರೆ ಮುಗಿಯಿತು ಎಂಬ ನಂಬಿಕೆಯೂ ನಮ್ಮಲ್ಲಿ ಜಾಸ್ತಿ. ಮಾನದಂಡದಲ್ಲಿ ಅದಕ್ಕೆ ಕಟ್ಟಕಡೆಯ ಸ್ಥಾನ. ಮೊದಲು ಅಪಾಯವನ್ನೇ ಇಲ್ಲವಾಗಿಸಲು ನೋಡಬೇಕು. ಆಗದಿದ್ದರೆ ಕಡಿಮೆ ಅಪಾಯದ ವಸ್ತು ಅಥವಾ ವಿಧಾನ ತರಬೇಕು, ಯಂತ್ರಕ್ಕೆ ತಡೆ ಹಾಕಬೇಕು, ಕೆಲಸದ ಕ್ರಮ ಬದಲಿಸಬೇಕು.

2022ರ ಏಪ್ರಿಲ್ ನೆನಪಿದೆಯೇ? ಬಜ್ಪೆ ಬಳಿಯ ಮೀನು ಸಂಸ್ಕರಣಾ ಘಟಕದ ತೊಟ್ಟಿಯಲ್ಲಿ ಪಶ್ಚಿಮ ಬಂಗಾಳದ ಐವರು ಕಾರ್ಮಿಕರು ವಿಷಾನಿಲಕ್ಕೆ ಜೀವ ಬಿಟ್ಟರು. ಒಬ್ಬ ಬಿದ್ದ, ಅವನನ್ನು ಎತ್ತಲು ಉಳಿದವರು ಇಳಿದರು. ಜತೆಗಾರ ಬಿದ್ದಾಗ ಯಾರೂ ಸುಮ್ನೆ ನಿಲ್ಲುವುದಿಲ್ಲ. ಅದಕ್ಕೇ ‘ಮೊದಲು ಗಾಳಿ ಪರೀಕ್ಷಿಸಿ, ಅಲ್ಲಿಯವರೆಗೆ ಇಳಿಯಬೇಡಿ’ ಎಂಬ ಮಾತು ತೊಟ್ಟಿಯ ಕೆಲಸ ಮಾಡುವ ಪ್ರತಿಯೊಬ್ಬನಿಗೂ ಅವನದೇ ಭಾಷೆಯಲ್ಲಿ, ಮತ್ತೆ ಮತ್ತೆ ಕೇಳಿಸಬೇಕು.

ಆ ಮಾನದಂಡ ಪಾಲಿಸುವ ಕಂಪನಿಗೆ ಸರ್ಟಿಫಿಕೇಟ್ ಕೊಡುವುದು ಅದನ್ನು ರೂಪಿಸಿದ ಐಎಸ್‌ಒ ಅಲ್ಲ, ಬೇರೆ ಪ್ರಮಾಣೀಕರಣ ಸಂಸ್ಥೆಗಳು. ಅಲ್ಲಿಂದ ಬರುವ ಆಡಿಟರ್‌ಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಫೈಲು ನೋಡಿ, ಬೇಡ ಅನ್ನುವುದಿಲ್ಲ. ಆದರೆ ಅರ್ಧ ಗಂಟೆ ಗುತ್ತಿಗೆ ಕಾರ್ಮಿಕರ ಜತೆ ಕೂತುಕೊಳ್ಳಿ. ಮ್ಯಾನೇಜರ್, ಸೂಪರ್‌ವೈಸರ್ ಯಾರೂ ಹತ್ತಿರ ಇರಬಾರದು. ಭಾಷೆ ಗೊತ್ತಿರುವ ಒಬ್ಬರನ್ನು ನೀವೇ ಕರೆತನ್ನಿ.

ಸಣ್ಣ ಘಟಕಗಳಿಗೆ ಸರ್ಟಿಫಿಕೇಟಿನ ಖರ್ಚು ಕಷ್ಟ, ನನಗೆ ಗೊತ್ತು. ಅದಿಲ್ಲದೆಯೂ ಈ ಕ್ರಮ ಪಾಲಿಸಬಹುದು. ಕೆನರಾ ಸಣ್ಣ ಕೈಗಾರಿಕಾ ಸಂಘದವರು ಒಡಿಯಾ, ಬಾಂಗ್ಲಾ, ಹಿಂದಿ, ತುಳುವಿನಲ್ಲಿ ಎರಡೆರಡು ನಿಮಿಷದ ಧ್ವನಿ ಸಂದೇಶ ಮಾಡಿಸಲಿ. ಬೆಲ್ಟ್, ತೊಟ್ಟಿ, ಕರೆಂಟು, ಎತ್ತರದ ಕೆಲಸ, ಒಂದೊಂದಕ್ಕೆ ಒಂದು. ಮೊಬೈಲಂತೂ ಹೆಚ್ಚಿನವರ ಕೈಯಲ್ಲಿದೆ. ಶಿಫ್ಟ್ ಶುರುವಾಗುವ ಮೊದಲು ಕೇಳಿಸಿ, ‘ನಿನ್ನೆ ಏನಾದರೂ ಸರಿ ಇಲ್ಲ ಅನಿಸಿತಾ?’ ಎಂದು ಅವರನ್ನೂ ಕೇಳಿ. ಧ್ವನಿ ಮುದ್ರಿಸಲು ಜನ ಹುಡುಕಿಕೊಡುವ ಕೆಲಸಕ್ಕೆ ನಾನು ತಯಾರಿದ್ದೇನೆ.

– ಒಬ್ಬ ನಿವೃತ್ತ ಸೂಪರ್‌ವೈಸರ್, ಸುರತ್ಕಲ್