ಬಸವರಾಜ ಅಂದ್ರ ಯಾವ ಬಸವರಾಜ?

ಧಾರವಾಡ, ಸೋಮವಾರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದ.

ನಿನ್ನೆ ಫೋನಿನ್ಯಾಗ ಮಾತು ಅರ್ಧಕ್ಕ ನಿಂತಿತು. ಕೂಸು ಅಳಾಕ ಹತ್ತಿತು, ನಿಮ್ಮವ್ವ ನಡುವ ಬಾಯಿ ಹಾಕಿದಳು, ನೀ "ಆಮ್ಯಾಲ ಮಾಡ್ತೀನಿ ಅಪ್ಪಾ" ಅಂತ ಇಟ್ಟುಬಿಟ್ಟಿ. ಇಲ್ಲಿ ಮನ್ಯಾಗ ನಾ ಒಬ್ಬನ. ಮುಂಜಾನಿಂದ ಎರಡು ಸಲ ಚಹಾ ಮಾಡಿಕೊಂಡು ಕುಡದೆ, ಮಳಿ ನಿಲ್ಲವಲ್ದು. ಅದಕ್ಕ ಹಾಳಿ ಪೆನ್ನು ತಗೊಂಡು ಕುಂತೀನಿ. ಹಾಳಿ ಮ್ಯಾಲ ಯಾರೂ ನಡುವ ಬಾಯಿ ಹಾಕೂದಿಲ್ಲ ನೋಡು.

ನೀ ಅಂದದ್ದು ಇಷ್ಟು. ಅತ್ತಿಯವರಿಗೆ ಕೂಸಿಗೆ ನಿಮ್ಮ ಮಾವನವರ ಹೆಸರು ಇಡಬೇಕಂತ ಆಸೆ, ನಿನಗ 'ವಿಹಾನ್' ಅಂತ ಮನಸ್ಸು. "ಬಸವರಾಜ ಅಂದ್ರ ನಮ್ಮ ಆಫೀಸಿನ್ಯಾಗ ಮೂರು ಮಂದಿ ಅದಾರ ಅಪ್ಪಾ. ಸಾಲ್ಯಾಗ ಹುಡುಗರು ಬಸ್ಯಾ ಅಂತ ಕಾಡ್ತಾವ" ಅಂದಿ. ಕಾಡ್ತಾವ, ಖರೆ. ನನ್ನ ಕ್ಲಾಸಿನ್ಯಾಗ ನಾಲ್ಕು ಮಂದಿ ಬಸವರಾಜ ಇದ್ದರು. ಮಾಸ್ತರು ದೊಡ್ಡ ಬಸ್ಯಾ, ಸಣ್ಣ ಬಸ್ಯಾ, ಕರೀ ಬಸ್ಯಾ ಅಂತ ಹಾಜರಿ ಕರೀತಿದ್ದರು. ನಾಲ್ಕನೇದವ ಹೊರಗಿಂದ ಬಂದವ, ಅವಗ ಅವನ ಊರಿನ ಹೆಸರೇ ಗಟ್ಟಿ ಆತು.

ಆದ್ರ ಮೂರು ಮಂದಿಗೆ ಇಷ್ಟು ಅಂಜಿದ್ರ ಹೆಂಗವ್ವಾ? 2021ರಾಗ ವಿಧಾನಸೌಧ ಹೆಂಗಿತ್ತು ನೆನಪ ಮಾಡ್ಕೊ. ಜುಲೈದಾಗ ನಮ್ಮ ಹುಬ್ಬಳ್ಳಿಯಾಗ ಹುಟ್ಟಿದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆದರು. ಅದ ಹೊತ್ತಿಗೆ ವಿಧಾನ ಪರಿಷತ್ತಿನ ಸಭಾಪತಿ ಕುರ್ಚಿ ಮ್ಯಾಲ ಬಸವರಾಜ ಹೊರಟ್ಟಿ. ಸಂಪುಟದಾಗ ಇನ್ನೊಬ್ಬರು, ಭೈರತಿ ಬಸವರಾಜ. ಬೊಮ್ಮಾಯಿಯವರು ನೀ ಕಲತ ಬಿ.ವಿ.ಬಿ. ಕಾಲೇಜಿನ್ಯಾಗ ಮೆಕ್ಯಾನಿಕಲ್ ಕಲತವರು, ಅವರಪ್ಪನೂ ಮುಖ್ಯಮಂತ್ರಿ ಆಗಿದ್ದವರು. ಹೊರಟ್ಟಿಯವರು ಹುಬ್ಬಳ್ಳಿಯಾಗ ಸಾಲಿ ಹುಡುಗರಿಗೆ ಕವಾಯತು ಕಲಿಸಿಕೋತ ಇದ್ದ ಮಾಸ್ತರು, 1980ರಿಂದ ಶಿಕ್ಷಕರ ಕ್ಷೇತ್ರದಾಗ ಎಂಟು ಸಲ ಆರಿಸಿ ಬಂದವರು. ರಾಜಕೀಯ ನನಗ ಭಾಳ ರುಚಿ ಇಲ್ಲ, ಬಿಡು.

ನನಗ ಆ ಹೆಸರು ಕೇಳಿದ ಕೂಡಲೇ ನೆನಪಾಗೋದು ಒಂದು ದನಿ. ಬಸವರಾಜ ರಾಜಗುರು. ಕುಂದಗೋಳ ತಾಲೂಕಿನ ಯಲಿವಾಳದವರು. ನಿಮ್ಮ ಮುತ್ಯಾ ನನ್ನ ಸೈಕಲ್ ಮ್ಯಾಲ ಕುಂದ್ರಿಸಿಕೊಂಡು ಅವರ ಕಛೇರಿಗೆ ಕರಕೊಂಡು ಹೋಗಿದ್ದ. ನಾ ನಡುರಾತ್ರಿ ನಿದ್ದಿ ಹೋಗೀನಿ, ಕಡೀಕೆ ಅವರು ವಚನ ಹಾಡಾಕ ಸುರು ಮಾಡಿದಾಗ ಅಪ್ಪ ನನ್ನ ತೊಡಿ ಚಿವುಟಿ ಎಬ್ಬಿಸಿದ. ಖ್ಯಾಲ್ ತಿಳಿಯದ ರೈತ ಅಂವ, ವಚನಕ್ಕಾಗಿನ ಕಾದು ಕುಂತಿದ್ದ. ರಾಜಗುರುಗಳಿಗೆ ಒಂದ ಮನಿ ಊಟ ಸಾಲತಿರಲಿಲ್ಲ ಅನ್ನು. ಅವರಪ್ಪ ಕರ್ನಾಟಕ ಸಂಗೀತದವರು. ಮಗ ಪಂಚಾಕ್ಷರಿ ಗವಾಯಿಗಳ ಕಡೆ ಹಿಂದೂಸ್ತಾನಿ ಕಲತರು, ಅಷ್ಟಕ್ಕ ನಿಲ್ಲದ ಸವಾಯಿ ಗಂಧರ್ವರಂಥಾ ಇನ್ನೂ ಎಷ್ಟೋ ಗುರುಗಳ ಮನಿ ಬಾಗಲಾ ಬಡದರು.

1936ರಾಗ ಹಂಪಿಯಾಗ ವಿಜಯನಗರದ 600ನೇ ವರ್ಷದ ಉತ್ಸವ ಆತು. ಅಲ್ಲಿ ಈ ಹರೇದ ಹುಡುಗ ಹಾಡಾಕ ಕುಂತಾಗ ತಬಲಾ ಮುಂದ ಇಟಗೊಂಡು ಬಾಜೂಕ ಕುಂತವರು ಯಾರಂತಿ? ಸ್ವತಃ ಗವಾಯಿಗಳು. ಕಣ್ಣಿಲ್ಲದ ಗುರು, ಶಿಷ್ಯಾಗ ಸಾಥಿ! ಗುರುವಿನ ಬೆರಳು ಬಾಜೂಕ ಠೇಕಾ ಹಿಡದಿರಬೇಕಾದ್ರ ಆ ಹುಡುಗ ಹೆಂಗರ ಬೇಸೂರ ಆಗತಾನ, ಹೇಳು. 1991ರಾಗ ಅವರಿಗೆ ಪದ್ಮಭೂಷಣ ಬಂತು, ಅದ ವರ್ಷ ಜುಲೈದಾಗ ಹೋಗಿಬಿಟ್ಟರು.

ಇಲ್ಲೇ ಧಾರವಾಡದ ಬಾಜೂಕ ಮನಸೂರಿನ್ಯಾಗ ಇನ್ನೊಬ್ಬ ಬಸವರಾಜ ಇದ್ದ. ನಾಟಕ ಕಂಪನಿಯವ. ತಮ್ಮನ್ನ ಒಂಬತ್ತು ವರ್ಷಕ್ಕ ಸ್ಟೇಜಿಗೆ ಹತ್ತಿಸಿದ್ದು ಅವನ ಕಂಪನಿ. ಆ ತಮ್ಮನ ಹೆಸರು ಮಲ್ಲಿಕಾರ್ಜುನ ಮನಸೂರ. ಅಣ್ಣನ ಹೆಸರು ಈಗ ಯಾರ ಬಾಯಾಗೂ ಇಲ್ಲ, ನನಗ ಅದಕ್ಕ ಸ್ವಲ್ಪ ಸಂಕಟ ಆಗತೈತಿ.

ಸಾಹಿತ್ಯದಾಗ ಒಂದು ಮಜಾ ಐತಿ. 1919ರಾಗ ಇಬ್ಬರು ಬಸವರಾಜ ಹುಟ್ಟಿದರು. ಒಬ್ಬರು ಗೋಕಾಕ ಕಡೆ ಮಲಾಮರಡಿಯಾಗ, ಬಸವರಾಜ ಕಟ್ಟೀಮನಿ. ಇನ್ನೊಬ್ಬರು ಹಳೇ ಮೈಸೂರು ಸೀಮಿಯ ಗೌರಿಬಿದನೂರು ಕಡೆ, ಎಲ್. ಬಸವರಾಜು. ಕಟ್ಟೀಮನಿಯವರು ಚಳವಳಿಗೆ ಧುಮುಕಿ ಜೇಲಿಗೆ ಹೋದರು, ಪತ್ರಿಕಾದಾಗ ಕೆಲಸ ಮಾಡಿದರು, ಮಠ ಮಾನ್ಯದ ಬಣ್ಣ ಬಯಲು ಮಾಡೋ ಕಾದಂಬರಿ ಬರದು ದೊಡ್ಡವರ ಕಡಿಂದ ಬೈಸಿಕೊಂಡರು. ಬಸವರಾಜು ಅವರು ಹಳೇ ಓಲಿಗರಿ, ವಚನದ ಪಾಠಾಂತರ ಇಟಗೊಂಡು ಅಕ್ಷರ ಅಕ್ಷರ ತಿದ್ದಿಕೋತ ಕುಂತವರು. ಒಬ್ಬರು ಬೆಂಕಿ, ಒಬ್ಬರು ಎಣ್ಣಿ ದೀಪ. ಕಟ್ಟೀಮನಿಯವರು 1980ರಾಗ ಬೆಳಗಾವಿಯಾಗ, ಬಸವರಾಜು ಅವರು 2009ರಾಗ ಚಿತ್ರದುರ್ಗದಾಗ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಹೆಸರು ನೋಡಿ ಇಬ್ಬರೂ ಒಬ್ಬರ ಅನ್ನೋ ಮಂದಿ ನಮ್ಮ ಬ್ಯಾಂಕಿನ್ಯಾಗ ಇದ್ದರು!

ಎಲ್ಲಾರೂ ಹಾಡುವವರು ಬರಿಯುವವರು ಅಂತ ತಿಳೀಬ್ಯಾಡ ಮತ್ತ. ಆಂಧ್ರದ ನಂಬಾಲ ಕೇಶವರಾವ್, ಮಾವೋವಾದಿ ಪಕ್ಷದ ಮುಖ್ಯಸ್ಥ, ಭೂಗತ ಆದ ಮ್ಯಾಲ ಇಟಗೊಂಡ ಹೆಸರು ಬಸವರಾಜು. 2025ರ ಮೇದಾಗ ಛತ್ತೀಸಗಡದ ಕಾಡಿನ್ಯಾಗ ಗುಂಡಿಗೆ ಬಲಿ ಆದ. ಪೇಪರಿನ್ಯಾಗ ದೊಡ್ಡ ಅಕ್ಷರದಾಗ ಹೆಸರು ಬಂದಾಗ ನಮ್ಮ ಓಣಿ ಕಟ್ಟಿ ಮ್ಯಾಲ ಕುಂತ ಮೂವರು ಬಸವರಾಜ ಒಮ್ಮೆಲೇ ಕನ್ನಡಕ ಹಾಕ್ಕೊಂಡರು.

ಅಂದ್ಹಂಗ, ಬಸವ ಅಂದ್ರ ವೃಷಭದ ತದ್ಭವ, ಎತ್ತು. ತನಗಿಂತ ಸಣ್ಣವರಿಲ್ಲ ಅಂದ ಬಸವಣ್ಣನ ಹೆಸರಿಗೆ ನಾವು 'ರಾಜ' ಅಂತ ಬಾಲ ಕಟ್ಟೀವಿ. ಆ ಬಾಲ ನನಗೂ ಸೇರೂದಿಲ್ಲ. ಆದ್ರ ಕರಿಯುವಾಗ ಯಾರು ಬಾಲ ಹಚ್ಚತಾರ?

ಇನ್ನೊಂದು ಮಾತು ನಿನ್ನೆ ರಾತ್ರಿ ಹೊಳೀತು. ಇವರಾಗ ಭಾಳ ಮಂದಿನ್ನ ಜಗತ್ತು ಬಸವರಾಜ ಅಂತ ಕರಿಯೂದೇ ಇಲ್ಲ. ರಾಜಗುರುಗಳು, ಕಟ್ಟೀಮನಿಯವರು, ಬೊಮ್ಮಾಯಿ, ಹೊರಟ್ಟಿ. ನಮ್ಮ ಕಡೆ ತನ್ನ ಹೆಸರು, ಅಪ್ಪನ ಹೆಸರು, ಮನಿತನದ ಹೆಸರು ಅಂತ ಮೂರು ಇರತಾವಲ್ಲ, ಮಂದಿ ಕಡೀದನ್ನ ಹಿಡಕೊಂಡು ಹೋಗತಾರ. ಮೊದಲಿನದು ಹಿಂದ ಉಳೀತೈತಿ, ಮನ್ಯಾಗ. ಸಂಜಿ ಮುಂದ "ಬಸೂ, ಊಟಕ್ಕ ಬಾ" ಅಂತ ಒದರುವವರ ಪಾಲಿಗೆ.

ಈಗ ನಿನಗ ಎಂದೂ ಹೇಳದ ಒಂದು ಸಂಗತಿ ಹೇಳತೀನಿ. 1987. ನಾ ಬ್ಯಾಂಕಿಗೆ ಸೇರಿ ಎಂಟು ವರ್ಷ. ಕಂಪ್ಯೂಟರ್ ಇರಲಿಲ್ಲ, ಲೆಡ್ಜರ್ ಅಂದ್ರ ಎರಡು ಕೈಲೆ ಎತ್ತಬೇಕು. ನನ್ನ ಲೆಡ್ಜರಿನ್ಯಾಗ ಒಬ್ಬ ಬಸವರಾಜ ಮಾಸ್ತರು, ಒಬ್ಬ ಬಸವರಾಜ ರೈತ. ಇಬ್ಬರ ಅಪ್ಪಂದಿರೂ ಶಿವಪ್ಪ, ಮನಿತನದ ಹೆಸರೂ ಒಂದ. ಗುರುತಿಗೆ ಅಂತ ಒಬ್ಬರ ಹಾಳಿ ಮ್ಯಾಲ ಕೆಂಪು ಶಾಯಿಲೆ ಒಂದು ಚುಕ್ಕಿ ಇಟ್ಟಿದ್ದೆ. ಯಾರ ಹಾಳಿ ಮ್ಯಾಲ ಅನ್ನೋದನ್ನ ನಾನ ಮರತೆ. ಮಾಸ್ತರ ಪಗಾರ 1,460 ರೂಪಾಯಿ ರೈತನ ಖಾತೆಕ್ಕ ಹತ್ತಿಸಿಬಿಟ್ಟೆ. ಸಂಜೀಕೆ ಲೆಕ್ಕ ಟ್ಯಾಲಿ ಆತು. ಆಗೂದ ಮತ್ತ, ಒಟ್ಟು ಮೊತ್ತ ಸರಿ ಇತ್ತು, ಹಾಳಿ ಅಷ್ಟ ತಪ್ಪಿತ್ತು. ಇಂಥಾ ತಪ್ಪು ಟ್ಯಾಲಿಗೆ ಸಿಗೂದಿಲ್ಲ, ಖಾತೇದಾರ ಕೌಂಟರಿಗೆ ಬಂದು ನಿಂತಾಗ ಸಿಗತೈತಿ.

ಮಾಸ್ತರು ಬಂದರು. ಪಾಸ್‌ಬುಕ್ ಚಾಚಿದರು. ನಾ ಲೆಡ್ಜರ್ ತಗದು ನೋಡೀನಿ, ಎದಿ ಧಸಕ್ ಅಂತು. ರೈತ ಹಿಂದಿನ ದಿವಸ ಬಂದು, ಸೊಸೈಟಿ ಸಾಲ ಜಮಾ ಆತು ಅನಕೊಂಡು ರೊಕ್ಕ ತಗದು, ಹಿಂಗಾರಿ ಬೀಜಕ್ಕ ಹಾಕಿಬಿಟ್ಟಿದ್ದ. ಪಾಪ, ಅವಂದೇನೂ ತಪ್ಪಿಲ್ಲ. ಸಾಹೇಬರಿಗೆ ತಿಳದ್ರ ನನ್ನ ಮ್ಯಾಲ ಮೆಮೋ. ನಿಮ್ಮವ್ವನ ಡಬ್ಬಿಯಾಗಿನ ರೊಕ್ಕ, ಗೆಳೆಯರ ಕಡಿಂದ ಕೈಗಡ, ಎಲ್ಲಾ ಕೂಡಿಸಿ ಮರುದಿನ ಮಾಸ್ತರ ಮನಿಗೆ ಹೋದೆ. ಅವರು ನೋಟಿನ ಕಟ್ಟು ಎಣಿಸಿದರು. ಎಣಿಸಿ 460 ಇಟಗೊಂಡು ಸಾವಿರ ತಿರುಗಿ ನನ್ನ ಕಿಸೇಕ ಹಾಕಿದರು. "ಅಂವಾ ಬೆಳಿ ಬಂದ ಮ್ಯಾಲ ಕೊಡಲಿ. ನಾ ಬಸವರಾಜ, ಅಂವಾ ಬಸವರಾಜ. ಹೆಸರಿನ ತಪ್ಪಿಗೆ ಮನುಷ್ಯಾನ್ನ ಯಾಕ ಹಿಡೀಬೇಕು" ಅಂದರು. ಮೆಣಸಿನಕಾಯಿ ಮಾರಿ ರೈತ ತಂದು ಕೊಟ್ಟ, ಜೋಡಿ ಒಂದು ಚೀಲ ಹಸೀ ಕಡ್ಲಿ ಸುಲಗಾಯಿ ನನ್ನ ಮನಿಗೆ. ಅಷ್ಟರಾಗ ನಾಲ್ಕು ತಿಂಗಳು ಹೋಗಿದ್ದವು. ಮಾಸ್ತರ ಮನ್ಯಾಗ ಆಗ ಎರಡು ಸಣ್ಣ ಕೂಸು ಇದ್ದವು, ಅದರಾಗಿನ ಸಣ್ಣದು ಈಗ ನಿನ್ನ ಗಂಡ.

ಸಿನಿಮಾ ಕಥಿ ಆತು ಅನಬ್ಯಾಡ. ನಿಮ್ಮ ಸಂಬಂಧ ತಂದವರು ಬ್ಯಾರೆ ಮಂದಿ, ಅದೂ ಎಷ್ಟೋ ವರ್ಷದ ಮ್ಯಾಲ. ಕನ್ಯಾ ನೋಡಾಕ ಬಂದಾಗ ಬಾಗಲದಾಗ ಅವರನ್ನ ನೋಡಿ ನನ್ನ ಕೈಯಾಗಿನ ನೀರಿನ ಚರಿಗಿ ನಡಗಿತು. ಅವರು ಗುರುತು ಹಿಡದರು, ಒಂದು ಮಾತೂ ಎತ್ತಲಿಲ್ಲ. ಹೋಗುವಾಗ ಅಷ್ಟ, ಚಪ್ಪಲಿ ಹಾಕ್ಕೋತ, "ಕೆಂಪು ಚುಕ್ಕಿ ಈಗ ಯಾರ ಹಾಳಿ ಮ್ಯಾಲ ಐತ್ರಿ?" ಅಂತ ಸಣ್ಣಗ ನಕ್ಕರು.

ನಿಮ್ಮತ್ತಿಯವರದು ಇನ್ನೊಂದು ಐತಿ, ನಿನಗ ಗೊತ್ತಿಲ್ಲ. ದವಾಖಾನಿ ಕಟ್ಟಿ ಮ್ಯಾಲ ಕುಂತಾಗ ನಿಮ್ಮವ್ವಗ ಹೇಳ್ಯಾರ. ನಿಮ್ಮ ಮದುವ್ಯಾಗ ಹೆಣ್ಣುಮಕ್ಕಳು ಸುತ್ತುಗಟ್ಟಿ ಕಾಡಿದಾಗ ಒಂದು ಒಡಪಿನ್ಯಾಗ ತೇಲಿಸಿ ಹೇಳಿದ್ದು ಬಿಟ್ಟರ, ನಲವತ್ತು ವರ್ಷದ ಸಂಸಾರದಾಗ ಗಂಡನ ಹೆಸರು ಬಾಯಿಬಿಟ್ಟು ಹೇಳಿಲ್ಲ. ಆಫೀಸಿನ್ಯಾಗ ಗಂಡನ ಹೆಸರು ಕೇಳಿದ್ರ ಮಗನ ಮಾರಿ ನೋಡತಿದ್ದರಂತ, ಅಂವಾ ಹೇಳತಿದ್ದ. "ಈಗರ ಬಾಯಿ ತುಂಬ ಕರೀಬಹುದಲ್ರೀ ಅಕ್ಕಾರ" ಅಂದರಂತ. ಹಳೇ ಪದ್ಧತಿ ನೋಡಿದ್ರ ಮೊಮ್ಮಗನ್ನೂ ಆ ಹೆಸರಿಲೆ ಕರೀಬಾರದು. ಈಗ ಯಾರು ಕೇಳತಾರ!

ನಾ ಇದ ಇಡು ಅನ್ನೂದಿಲ್ಲ. ಹೊಟ್ಟ್ಯಾಗ ಹೊತ್ತಾಕಿ ನೀ. ಇಷ್ಟು ಅಷ್ಟ: ಮೊನ್ನೆ ನಿಮ್ಮ ಅಪಾರ್ಟ್‌ಮೆಂಟಿನ ಪಾರ್ಕಿನ್ಯಾಗ ಯಾರೋ ಒಬ್ಬಾಕಿ "ವಿಹಾನ್" ಅಂತ ಕೂಗಿದಾಗ ಮೂರು ಹುಡುಗರು ತಿರುಗಿ ನೋಡಿದವಂತ. ನಿಮ್ಮವ್ವ ಎಣಿಸ್ಯಾಳ. ತೊಟ್ಟಿಲದಾಗ ಇಡೋ ಹೆಸರೊಂದು, ದಿನಾ ಕರಿಯೋ ಹೆಸರೊಂದು, ಹಿಂಗೂ ನಮ್ಮ ಮನಿಗಳಾಗ ನಡಕೋತ ಬಂದೈತಿ. ಇಬ್ಬರೂ ಕುಂತು ಮಾತಾಡ್ರಿ, ಅಳಿಯಂದಿರನ್ನೂ ಕೇಳು, ಅವರು ಯಾರ ಕಡೆ ಅನ್ನೋದು ನನಗ ಇನ್ನೂ ತಿಳದಿಲ್ಲ.

ಗುಗ್ಗರಿಗೆ ಕಡ್ಲಿ ನಾನ ತರತೀನಿ, ಅಲ್ಲೆ ತಗೋಬ್ಯಾಡ್ರಿ. ತೊಟ್ಟಿಲಕ್ಕ ಮೂರು ದಿನ ಮೊದಲ ನನಗ ಒಂದು ಫೋನ್ ಮಾಡು, ಬೆಳ್ಳಿ ಬಟ್ಟಲದ ಮ್ಯಾಲ ಹೆಸರು ಕೊರಸಬೇಕು. ಪತ್ತಾರ ಅಕ್ಷರಕ್ಕ ಇಷ್ಟು ಅಂತ ತಗೋತಾನ. ಬಸವರಾಜ ಅಂದ್ರ ಐದು. ನೀ ಅಂದ ವಿಹಾನ್‌ಗೆ ಎರಡೂವರೆ ಅಂದೆ, ಅಂವಾ ಅರ್ಧ ಅಕ್ಷರಕ್ಕೂ ಪೂರ್ತಿ ರೊಕ್ಕ ಅಂದ.

ನಿನ್ನ
ಅಪ್ಪ